ಹೆಪ್ಪುಗಟ್ಟಿದ ಕಡಲ ಮೇಲೂ ಟವರ್ ಸಿಗುತ್ತದೆ

ಎಸ್ಕಲೇಟರ್ ಇಳಿಯುತ್ತಲೇ ಇದೆ, ತಳ ಕಾಣುತ್ತಿಲ್ಲ. ಮೇಲೆ ಸ್ಟಾಕ್‌ಹೋಮಿನ ಬೀದಿಯಲ್ಲಿ ಮಾರ್ಚ್ ತಿಂಗಳ ಗಾಳಿ ಕಿವಿ ಕಚ್ಚುತ್ತಿತ್ತು. ಇಲ್ಲಿ ಬೆಚ್ಚಗಿದೆ, ಒದ್ದೆ ಕಲ್ಲಿನ ವಾಸನೆಯಿದೆ. ಟಿ-ಸೆಂಟ್ರಾಲೆನ್ ನಿಲ್ದಾಣದ ನೀಲಿ ಮಾರ್ಗಕ್ಕೆ ಕಾಲಿಟ್ಟರೆ ನುಣುಪು ಗೋಡೆ ಅನ್ನುವುದೇ ಇಲ್ಲ. ಬಂಡೆಯನ್ನು ಕೊರೆದು, ಅದರ ಉಬ್ಬುತಗ್ಗನ್ನು ಹಾಗೆಯೇ ಬಿಟ್ಟು, ಮೇಲೆ ಬಿಳಿ ಬಳಿದಿದ್ದಾರೆ. ಆ ಬಿಳಿಯ ತುಂಬ ನೀಲಿ ಬಳ್ಳಿ, ನೀಲಿ ಎಲೆ. ಪೆರ್ ಓಲೊಫ್ ಉಲ್ಟ್‌ವೆಟ್ ಎಂಬ ಕಲಾವಿದ 1975ರಲ್ಲಿ ಬರೆದ ಚಿತ್ರ ಇದು. ಕತ್ತು ಎತ್ತಿ ನೋಡುತ್ತ ಹೋದರೆ ಒಂದು ಕಡೆ ಬಳ್ಳಿಗಳ ಬದಲು ಮನುಷ್ಯರ ನೀಲಿ ನೆರಳುಗಳು ಕಾಣಿಸುತ್ತವೆ. ಏಣಿ ಹತ್ತಿದವರು, ಬೆಸುಗೆ ಹಾಕುವವರು, ಕಲ್ಲು ಕೊರೆಯುವವರು. ಈ ಸುರಂಗ ಕಟ್ಟಿದ ಕೆಲಸಗಾರರೇ ಅವರು.

ಅಕಲ್ಲಾ ಕಡೆಯ ರೈಲು ಹತ್ತುತ್ತೇನೆ. ಸೊಲ್ನಾ ಸೆಂಟ್ರುಮ್ ಬಂದಾಗ ಬೋಗಿಯ ಬೆಳಕೇ ಬಣ್ಣ ಬದಲಿಸುತ್ತದೆ. ಆ ನಿಲ್ದಾಣದ ಇಡೀ ಗುಹೆ ಕಡುಕೆಂಪು, ಕೆಂಪಿನ ಕೆಳಗೆ ಕಿಲೊಮೀಟರ್ ಉದ್ದದ ಹಸಿರು ಕಾಡು. ನೋಡುವವರು ನಾನೊಬ್ಬಳೇ. ಎದುರು ಸೀಟಿನ ಶಾಲೆ ಹುಡುಗ ಫೋನಿನಲ್ಲಿ ಫುಟ್‌ಬಾಲ್ ಪಂದ್ಯ ನೋಡುತ್ತಿದ್ದಾನೆ, ನೇರ ಪ್ರಸಾರ. ಅಷ್ಟು ಕಲ್ಲಿನ ಅಡಿಯಲ್ಲೂ ಚಿತ್ರ ಒಂದು ಸಲವೂ ನಿಲ್ಲುವುದಿಲ್ಲ. ಇಂಥ ಸುರಂಗಗಳ ಗೋಡೆಗುಂಟ ಕಪ್ಪು ಕೇಬಲ್ ಎಳೆದಿರುತ್ತಾರೆ. ಅದರ ಮೈಗೆ ಬೇಕೆಂದೇ ಸೀಳು ಬಿಟ್ಟು, ರೇಡಿಯೊ ಅಲೆಗಳು ದಾರಿಯುದ್ದಕ್ಕೂ ಸೋರುವಂತೆ ಮಾಡಿರುತ್ತಾರೆ. ಗೋಲ್ ಬಿತ್ತು. ಹುಡುಗ ಮುಷ್ಟಿ ಬಿಗಿದು ಸದ್ದಿಲ್ಲದೆ ಕುಣಿದ.

ನಾನು ಹುಟ್ಟಿದ್ದು ಸಾಗರದ ಕಡೆಯ ಹಳ್ಳಿಯಲ್ಲಿ. ಕೊರೋನಾ ಕಾಲದಲ್ಲಿ ನಮ್ಮ ಮಕ್ಕಳು ಆನ್‌ಲೈನ್ ಪಾಠಕ್ಕೆಂದು ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದಿಕೆಯಡಿ ಮಳೆಯಲ್ಲಿ ಕೂತಿದ್ದನ್ನು ಕಂಡಿದ್ದೇನೆ. 2021ರಲ್ಲಿ ಮಲೆನಾಡಿನ ಊರುಗಳ ದಾರಿಬದಿಯಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಬ್ಯಾನರುಗಳು ಎದ್ದವು. ಕಾಡು ಜಾಸ್ತಿ, ಮನೆ ಕಡಿಮೆ, ಕಂಪನಿಗೆ ಲಾಭವಿಲ್ಲ ಅನ್ನುವುದು ನಮಗೆ ಸಿಗುತ್ತಿದ್ದ ಉತ್ತರ. ಹಾಗಾದರೆ ನೆಲದ ಮುಕ್ಕಾಲು ಪಾಲು ಕಾಡೇ ಇರುವ ಫಿನ್‌ಲೆಂಡ್ ಏನು ಮಾಡಿತು? ಸಾವಿರಾರು ನಡುಗಡ್ಡೆಗಳ ಸ್ವೀಡನ್ ಏನು ಮಾಡಿತು? ವೇಗದ ಮೊಬೈಲ್ ಜಾಲ ಎಲ್ಲರಿಗಿಂತ ಮೊದಲು ಬಂದದ್ದು ಈ ಹಿಮದ ನಾಡುಗಳಿಗೇ. ಅದನ್ನು ಕಣ್ಣಾರೆ ಕಾಣುವ ಆಸೆ ಇಲ್ಲಿಗೆ ಕರೆತಂದಿದೆ.

ಶೀಸ್ತಾದಲ್ಲಿ ರೈಲು ನೆಲದ ಮೇಲೆ ಬಂದು ನಿಲ್ಲುತ್ತದೆ. ಗಾಜಿನ ಕಟ್ಟಡಗಳು, ಸೈಕಲ್ ದಾರಿಯಲ್ಲಿ ಜಾರದಿರಲೆಂದು ಚೆಲ್ಲಿದ ಜಲ್ಲಿ, ಕಾಲಡಿಯಲ್ಲಿ ಅದರ ಕರಕರ ಸದ್ದು. ಎರಿಕ್ಸನ್ ಕಂಪನಿಯ ಕೇಂದ್ರ ಕಚೇರಿ ಇಲ್ಲಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಹೊರಬರುವ ಜನರಲ್ಲಿ ತೆಲುಗು, ತಮಿಳು, ಹಿಂದಿ ಕಿವಿಗೆ ಬೀಳುತ್ತದೆ. ಮಾಲ್‌ನ ಕಾಫಿ ಅಂಗಡಿಯಲ್ಲಿ ನನ್ನ ಪಕ್ಕದ ಮೇಜಿನಿಂದ ಅಚ್ಚ ಮಲೆನಾಡಿನ ಕನ್ನಡ ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದ ತರುಣಿ ತೀರ್ಥಹಳ್ಳಿ ಕಡೆಯವಳು, ಬೆಂಗಳೂರಿನಲ್ಲಿ ಕೆಲಸ ಕಲಿತು ಇಲ್ಲಿಗೆ ಬಂದವಳು. ಮಾತಿಗೆ ಸಿಕ್ಕ ಮೇಲೆ ಬಿಡುವ ಪ್ರಶ್ನೆಯೇ ಇಲ್ಲ.

“ಅಕ್ಕಾ, ನಾನು ಬರೆಯೋದು ಆಂಟೆನಾ ಸಾಫ್ಟ್‌ವೇರ್. ನೀವು ನಡೀತಾ ಇದ್ರೆ ಅಲೆಯ ದಿಕ್ಕೂ ನಿಮ್ಮ ಹಿಂದೇ ತಿರುಗಬೇಕು. ಅದನ್ನ ಸೆಕೆಂಡಿಗೆ ಎಷ್ಟೋ ಸಲ ಲೆಕ್ಕ ಹಾಕ್ತೀವಿ. ಮೊದಲೆಲ್ಲ ಒಂದೇ ದೊಡ್ಡ ದೀಪ ಊರಿಗೆಲ್ಲ ಬೆಳಕು ಚೆಲ್ಲಿದ ಹಾಗೆ ಟವರ್ ಇರ್ತಿತ್ತು. ಈಗ ಒಬ್ಬೊಬ್ಬರ ಕೈಗೂ ಒಂದೊಂದು ಟಾರ್ಚ್ ಹಿಡಿದ ಹಾಗೆ,” ಎಂದಳು. 5ಜಿಯ ಆಂಟೆನಾ ಹೇಗೆ ಕೆಲಸ ಮಾಡುತ್ತದೆ ಎಂದು ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ದನಿ ತಗ್ಗಿಸಿ ಹೇಳಿದಳು: “ಅಮ್ಮಂಗೆ ನನ್ ಹತ್ರ ಮಾತಾಡಬೇಕು ಅಂದ್ರೆ ಈಗಲೂ ತೋಟದ ಮೇಲಿನ ಗುಡ್ಡ ಹತ್ತಬೇಕು.”

ಊರ ನಡುವಿಗೆ ವಾಪಸು ಬಂದು ಹಾಮ್ನ್‌ಗಾಟನ್ ಬೀದಿಯಲ್ಲಿ ನಿಲ್ಲುತ್ತೇನೆ. ಎನ್‌ಕೆ ಎಂಬ ಹಳೆಯ ದೊಡ್ಡ ಮಳಿಗೆಯ ನೆತ್ತಿಯ ಮೇಲೆ ನಿಯಾನ್ ದೀಪದ ಗಡಿಯಾರ ನಿಧಾನಕ್ಕೆ ಸುತ್ತುತ್ತಿದೆ. ಈ ಗಡಿಯಾರ ಮೊದಲು ಇದ್ದದ್ದು ಇಲ್ಲಲ್ಲ. ಇಲ್ಲಿಂದ ಕೂಗಳತೆಯ ಮಾಲ್ಮ್‌ಶಿಲ್ನಾಡ್ಸ್‌ಗಾಟನ್ ಬೀದಿಯಲ್ಲಿ 1887ರಲ್ಲಿ ಎದ್ದುನಿಂತ ಟೆಲಿಫೋನ್ ಗೋಪುರದ ಮೇಲೆ ಅದನ್ನು ಕೂರಿಸಿದ್ದರು. ಆ ಗೋಪುರದ ಹಳೆಯ ಫೋಟೊ ತೆರೆದು, ಫೋನನ್ನು ಆಕಾಶಕ್ಕೆ ಎದುರು ಹಿಡಿಯುತ್ತೇನೆ. ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಶಿಖರ. ಅಲ್ಲಿಂದ ಊರಿನ ಎಲ್ಲ ದಿಕ್ಕಿಗೂ ಹೊರಟ ತಂತಿಗಳು ಸುಮಾರು 5,500. ಮನೆಮನೆಗೂ ಒಂದೊಂದು ತಂತಿ! ಮಾಡುಗಳ ಮೇಲೆ ಆಕಾಶವೇ ಗೀರುಗೀರಾಗಿ ಕಾಣುತ್ತದೆ. ಲಾರ್ಸ್ ಮಾಗ್ನುಸ್ ಎರಿಕ್ಸನ್ 1876ರಲ್ಲಿ ಇದೇ ಊರಿನಲ್ಲಿ ಸಣ್ಣ ರಿಪೇರಿ ಅಂಗಡಿ ತೆರೆದಿದ್ದ. 1880ರ ದಶಕದಲ್ಲಿ ಸ್ಟಾಕ್‌ಹೋಮ್ ಜಗತ್ತಿನಲ್ಲೇ ಅತಿ ಹೆಚ್ಚು ಟೆಲಿಫೋನುಗಳಿದ್ದ ನಗರಗಳಲ್ಲೊಂದು. ಕಾಲು ಶತಮಾನ ಕಳೆಯುವಷ್ಟರಲ್ಲಿ ತಂತಿಗಳು ನೆಲದಡಿಗೆ ಹೋದವು, ಗೋಪುರಕ್ಕೆ ಕೆಲಸ ಇಲ್ಲದಾಯಿತು. 1952ರಲ್ಲಿ ಬೆಂಕಿ ಬಿತ್ತು, ಮರುವರ್ಷ ಕೆಡವಿದರು. ಗಡಿಯಾರ ಮಾತ್ರ ಉಳಿದು ಈಗಲೂ ಸುತ್ತುತ್ತಿದೆ.

ಅದೇ ಬೀದಿಯಲ್ಲಿ ನಡೆಯುತ್ತ ಫೋನಿನ ಹಸಿರು ಗುಂಡಿಯನ್ನು ನೋಡುತ್ತೇನೆ. ಸಂಖ್ಯೆ ಒತ್ತಿ, ಕೊನೆಗೆ ಹಸಿರು ಗುಂಡಿ ಒತ್ತುವುದು ನಮ್ಮ ಕೈಗೆ ಎಷ್ಟು ರೂಢಿಯಾಗಿದೆಯೆಂದರೆ, ಅದನ್ನೂ ಒಬ್ಬರು ಯೋಚಿಸಿ ಕಂಡುಹಿಡಿದರು ಎಂದು ಅನಿಸುವುದೇ ಇಲ್ಲ. ಕಂಡುಹಿಡಿದವರು ಲೈಲಾ ಓಲ್‌ಗ್ರೆನ್, ಸ್ವೀಡನ್ನಿನ ಸರಕಾರಿ ದೂರವಾಣಿ ಇಲಾಖೆಯ ಎಂಜಿನಿಯರ್. 1979ರಲ್ಲಿ ಆಕೆ ಮತ್ತು ಸಹೋದ್ಯೋಗಿ ಓಸ್ಟೆನ್ ಮೆಕಿತಾಲೊ ಕಾರಿನ ಫೋನಿಗೆಂದು ಹೊಸ ಜಾಲ ಕಟ್ಟುತ್ತಿದ್ದರು. ಆಗಿನ ಪದ್ಧತಿಯಲ್ಲಿ ಸಂಖ್ಯೆಯ ಒಂದೊಂದೇ ಅಂಕಿ ಗಾಳಿಯಲ್ಲಿ ಹೋಗಬೇಕು. ಅಷ್ಟರಲ್ಲಿ ಕಾರು ಒಂದು ಮರದ ಹಿಂದೆ, ಒಂದು ಕಟ್ಟಡದ ಹಿಂದೆ ಹಾದರೆ ಅಂಕಿ ಕಳೆದುಹೋಗಿ ಕರೆ ಕೆಡುತ್ತಿತ್ತು. ಅಂಕಿಗಳನ್ನೆಲ್ಲ ಮೊದಲು ಫೋನಿನ ನೆನಪಿನಲ್ಲಿ ಕೂಡಿಟ್ಟು, ಆಮೇಲೆ ಒಂದೇ ಗುಂಡಿಯಿಂದ ಒಮ್ಮೆಗೇ ಕಳಿಸಿದರೆ ಏನಾಗುತ್ತದೆ ಎಂದು ಲೈಲಾ ಕೇಳಿದರು. ಇಬ್ಬರೂ ಇದೇ ಊರಿನ ಬೀದಿಗಳಲ್ಲಿ ಕಾರು ಓಡಿಸುತ್ತ ಕರೆ ಮಾಡಿ ಮಾಡಿ ನೋಡಿದರು. ಕರೆಗಳು ಹೋದವು! 2009ರಲ್ಲಿ ಸ್ವೀಡನ್ನಿನ ಪೊಲ್‌ಹೆಮ್ ಪ್ರಶಸ್ತಿ ಆಕೆಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಆಕೆ. ಕೋಟ್ಯಂತರ ಬೆರಳುಗಳು ದಿನವೂ ಒತ್ತುವ ಗುಂಡಿಯ ಒಡತಿಯ ಹೆಸರು ನಮ್ಮ ಶಾಲೆಯ ಪಾಠಗಳಲ್ಲೂ ಇರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಆ ಜಾಲ ಸ್ವೀಡನ್ನಿನಲ್ಲಿ ಶುರುವಾದದ್ದು 1981ರಲ್ಲಿ. ಹೆಸರು ಎನ್‌ಎಂಟಿ. ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್‌ಲೆಂಡ್ ಕೂಡಿ ಒಂದೇ ನಿಯಮ ಮಾಡಿಕೊಂಡದ್ದರಿಂದ ಒಂದು ದೇಶದ ಕಾರಿನ ಫೋನು ಇನ್ನೊಂದು ದೇಶದಲ್ಲೂ ನಡೆಯಿತು. ಆಗ ಅದರಲ್ಲಿ ಬರೀ ಮಾತು. ಮುಂದೆ 2009ರ ಡಿಸೆಂಬರ್ 14ರಂದು ಜಗತ್ತಿನ ಮೊದಲ ವಾಣಿಜ್ಯ 4ಜಿ ಜಾಲ ಒಂದೇ ದಿನ ಎರಡು ಊರುಗಳಲ್ಲಿ ಬೆಳಗಿತು. ಒಂದು ಈ ಸ್ಟಾಕ್‌ಹೋಮ್, ಇನ್ನೊಂದು ನಾರ್ವೆಯ ಓಸ್ಲೊ. ಟೆಲಿಯಾಸೊನೆರಾ ಕಂಪನಿಯದು ಜಾಲ. ಇಲ್ಲಿನ ಯಂತ್ರಗಳು ಎರಿಕ್ಸನ್ ಮಾಡಿದ್ದು, ಅಲ್ಲಿನವು ಹುವಾವೆಯವು. ಅದನ್ನು ಬಳಸುವ ಫೋನೇ ಆಗ ಇರಲಿಲ್ಲ. ಲ್ಯಾಪ್‌ಟಾಪಿಗೆ ಚುಚ್ಚುವ ಸ್ಯಾಮ್ಸಂಗ್ ಡಾಂಗಲ್ ಒಂದೇ ಗತಿ. ಊರ ನಡುವಿನ ಕೆಲವು ಬೀದಿಗಳಲ್ಲಿ ಮಾತ್ರ ಸಿಗುತ್ತಿದ್ದ ಅದು ಇವತ್ತು ಹಳ್ಳಿಯ ಹುಡುಗರ ಜೇಬಿನಲ್ಲಿದೆ. ಬೇಕರಿಯೊಂದರ ಬಾಗಿಲು ತೆರೆದು ಮುಚ್ಚಿದಾಗ ಏಲಕ್ಕಿಯ ಘಮ ಹೊರಗೆ ಬಂತು. ಸ್ವೀಡನ್ನಿನವರಿಗೆ ಬನ್ನಿನಲ್ಲಿ ಏಲಕ್ಕಿ ಇರಲೇಬೇಕು. ಸಾಗರದವಳಾದ ನಾನು ಆ ಘಮದ ಹಿಂದೆ ಒಳಗೆ ಹೋದೆ.

ಬೆಳಗಿನ ಹಡಗು ಫಿನ್‌ಲೆಂಡಿನ ತುರ್ಕುವಿಗೆ. ಬಂದರು ಬಿಟ್ಟ ಗಳಿಗೆಯಿಂದ ಮೇಲಿನ ಡೆಕ್ಕಿನ ಕಂಬಿ ಹಿಡಿದು ನಿಂತವಳು ನಾನು. ಹಡಗಿನ ಮೂತಿ ತೆಳು ಮಂಜುಗಡ್ಡೆಯನ್ನು ಒಡೆಯುತ್ತ ಸಾಗಿದಂತೆ ಗಾಜಿನ ಚೂರುಗಳನ್ನು ಗುಡಿಸುವಂಥ ಸದ್ದು ನಿಲ್ಲದೆ ಬರುತ್ತದೆ. ಎರಡೂ ಬದಿಗೆ ನಡುಗಡ್ಡೆಗಳು. ಒಂದರಲ್ಲಿ ಹತ್ತು ಪೈನ್ ಮರ, ಒಂದು ಕೆಂಪು ಮನೆ, ದೋಣಿಯ ಗೂಡು. ಇನ್ನೊಂದರಲ್ಲಿ ಬರೀ ಬೋಳು ಬಂಡೆ, ಮೇಲೊಂದು ಕಡಲಹಕ್ಕಿ. ಸ್ಟಾಕ್‌ಹೋಮಿನ ಈ ದ್ವೀಪಸಮೂಹದಲ್ಲಿ ಸಣ್ಣಪುಟ್ಟ ಬಂಡೆಗಳೂ ಸೇರಿ ಮೂವತ್ತು ಸಾವಿರದಷ್ಟು ಇವೆ ಎನ್ನುತ್ತಾರೆ. ಆಗಾಗ ಮರಗಳ ತುದಿ ಮೀರಿ ಕೆಂಪು-ಬಿಳಿ ಪಟ್ಟೆಯ ಕಬ್ಬಿಣದ ಕಂಬವೊಂದು ಕಾಣುತ್ತದೆ. ಅದು ಕಂಡಾಗೆಲ್ಲ ಕೆಂಪು ಮನೆಗಳನ್ನು ಎಣಿಸುತ್ತೇನೆ. ಐದು. ಮೂರು. ಒಂದು ಕಡೆ ಎರಡೇ.

ಎರಡು ಮನೆಗೊಂದು ಟವರ್ ಹಾಕಲು ಯಾವ ಕಂಪನಿ ಮುಂದೆ ಬರುತ್ತದೆ? ಇದರ ಉತ್ತರ 2000ನೇ ಇಸವಿಯಲ್ಲಿದೆ. ಆ ವರ್ಷ 3ಜಿಯ ತರಂಗಗಳನ್ನು ಬ್ರಿಟನ್ ಹರಾಜು ಹಾಕಿ 2,250 ಕೋಟಿ ಪೌಂಡ್ ಎಣಿಸಿಕೊಂಡಿತು. ಜರ್ಮನಿಗೆ 5,000 ಕೋಟಿ ಯೂರೊ ಮೀರಿ ಬಂತು. ಹತ್ತು ವರ್ಷದ ನಂತರ ನಮ್ಮ ಸರಕಾರಕ್ಕೂ 3ಜಿ ಹರಾಜಿನಿಂದ ಸುಮಾರು 67,700 ಕೋಟಿ ರೂಪಾಯಿ ಸಿಕ್ಕಿತು. ಸ್ವೀಡನ್ ಮಾತ್ರ ಹರಾಜೇ ಮಾಡಲಿಲ್ಲ. ಯಾರು ಹೆಚ್ಚು ದೂರ, ಹೆಚ್ಚು ಜನಕ್ಕೆ, ಬೇಗ ತಲುಪಿಸುತ್ತೇವೆಂದು ಮಾತು ಕೊಡುತ್ತಾರೋ ಅವರಿಗೆ ಪರವಾನಗಿ ಎಂದಿತು. ಗೆದ್ದವರು ಬರೆದುಕೊಟ್ಟದ್ದು ಜನಸಂಖ್ಯೆಯ ಶೇಕಡಾ 99.98! ದೇಶದ ಅತಿ ದೊಡ್ಡ ಕಂಪನಿಯಾದ ಟೆಲಿಯಾ ಸ್ವಂತ ನೆಲದಲ್ಲೇ ಪರವಾನಗಿ ಸಿಗದೆ, ಗೆದ್ದವರಲ್ಲೊಬ್ಬರಾದ ಟೆಲೆ2 ಜೊತೆ ಕೂಡಿ ಒಂದೇ ಜಾಲ ಕಟ್ಟಬೇಕಾಯಿತು. 2003ರ ಕೊನೆಯ ಗಡುವು ಮೀರಿಹೋಯಿತು. ಗೆದ್ದ ಕಂಪನಿಯೊಂದು ಕಟ್ಟಲಾರೆನೆಂದು ಬಿಟ್ಟುಹೋಯಿತು. ಆದರೂ ಕಂಬಗಳು ಎದ್ದವು, ಈ ಎರಡು ಮನೆಯ ನಡುಗಡ್ಡೆಯವರೆಗೂ ಬಂದವು. ಫಿನ್‌ಲೆಂಡ್ ಇನ್ನೂ ಮುಂಚೆ, 1999ರ ಮಾರ್ಚ್‌ನಲ್ಲಿ, ಜಗತ್ತಿನಲ್ಲೇ ಮೊದಲ 3ಜಿ ಪರವಾನಗಿಗಳನ್ನು ದುಡ್ಡು ಕೇಳದೆ ಕೊಟ್ಟುಬಿಟ್ಟಿತ್ತು. ಖಜಾನೆಗೆ ಹಣ ಬರುವುದು ತಪ್ಪಲ್ಲ, ಶಾಲೆಗೂ ಆಸ್ಪತ್ರೆಗೂ ಅದು ಬೇಕು. ಆದರೆ ದುಡ್ಡು ಕೇಳಿದ ದೇಶಗಳಿಗೆ ದುಡ್ಡು ಸಿಕ್ಕಿತು, ದೂರ ಕೇಳಿದ ದೇಶಕ್ಕೆ ದೂರ ಸಿಕ್ಕಿತು. ಈ ಕಂಬಿ ಹಿಡಿದು ನಿಂತಾಗ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ದ್ವೀಪಗಳು ತೆಳುವಾಗುತ್ತ ಹೋಗಿ, ಓಲಂಡ್ ಕಡಲು ತೆರೆದುಕೊಳ್ಳುತ್ತದೆ. ಬೂದು ನೀರು, ಬೂದು ಆಕಾಶ, ನಡುವೆ ಬಿಳಿಯ ಒಂದು ಗೆರೆ. ಇಲ್ಲಿ ಕೆಲಹೊತ್ತು ದಡದ ಜಾಲ ಎಟಕುವುದಿಲ್ಲ. ಹಡಗಿನದೇ ಉಪಗ್ರಹ ಸಂಪರ್ಕ ಫೋನನ್ನು ಹಿಡಿದುಕೊಳ್ಳಲು ನೋಡುತ್ತದೆ, ಅದರ ದರ ಮಾತ್ರ ಬೆಚ್ಚಿಬೀಳಿಸುವಂಥದ್ದು. ಗೊತ್ತಿದ್ದವರೆಲ್ಲ ಏರೋಪ್ಲೇನ್ ಮೋಡ್ ಹಾಕಿಕೊಂಡು ಕಾಫಿಗೆ ಕೂರುತ್ತಾರೆ. ಫಿನ್‌ಲೆಂಡಿಗೆ ಸೇರಿದ ಓಲಂಡ್ ದ್ವೀಪಗಳು ಹತ್ತಿರವಾದಾಗ ಫೋನ್ ತೆರೆದೆ. ಗಡಿಯಾರ ಒಂದು ಗಂಟೆ ಮುಂದಕ್ಕೆ ಜಿಗಿಯಿತು, ಕಂಪನಿಯ ಹೆಸರು ಬದಲಾಯಿತು. ಸ್ಟಾಕ್‌ಹೋಮಿನಲ್ಲಿ ಕೊಂಡ ಸಿಮ್ ಇಲ್ಲೂ ಅದೇ ದರದಲ್ಲಿ ನಡೆಯುತ್ತದೆ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದೊಳಗೆ ರೋಮಿಂಗಿಗೆ ಬೇರೆ ಹಣ ಕೊಡಬೇಕಾಗಿಲ್ಲ. ಗಡಿ ದಾಟಿದೆ ಎಂದು ತಿಳಿಸಿದ್ದು ಒಂದು ಮೆಸೇಜ್ ಮಾತ್ರ.

ತುರ್ಕುವಿನಿಂದ ಹೆಲ್ಸಿಂಕಿಗೆ ರೈಲಿನಲ್ಲಿ ಎರಡು ಗಂಟೆ. ಎಸ್‌ಪ್ಲನಾಡಿ ಪಾರ್ಕಿನಲ್ಲಿ ಹಿಮ ಕರಗಿ ಕೆಸರಾಗಿದೆ. ಕವಿ ರೂನೆಬರ್ಗ್ ಪ್ರತಿಮೆಯ ತಲೆಯ ಮೇಲೆ ಕಡಲಹಕ್ಕಿಯೊಂದು ಹಕ್ಕುಸ್ಥಾಪನೆ ಮಾಡಿದೆ. 1991ರ ಜುಲೈ 1ರಂದು ಇದೇ ಉದ್ಯಾನದಿಂದ ಮಾಜಿ ಪ್ರಧಾನಿ ಹರ್ರಿ ಹೋಲ್ಕೆರಿ ತಂಪೆರೆ ನಗರದ ಉಪಮೇಯರ್ ಕಾರಿನಾ ಸುಓನಿಯೊ ಅವರಿಗೆ ಫೋನ್ ಮಾಡಿದರು. ಜಿಎಸ್‌ಎಂ ಎಂಬ ಡಿಜಿಟಲ್ ಮೊಬೈಲ್ ಪದ್ಧತಿಯ ಜಾಲದಲ್ಲಿ ಜಗತ್ತಿನ ಮೊದಲ ಕರೆ ಅದು. ಮೂರು ನಿಮಿಷದ ಮಾತು. ಆ ಮೂರು ನಿಮಿಷದಿಂದ ಹೊರಟ ಪದ್ಧತಿ ನಾಲ್ಕೇ ವರ್ಷದಲ್ಲಿ ಕಲ್ಕತ್ತೆಗೂ ದೆಹಲಿಗೂ ಬಂತು, ಆಮೇಲೆ ನಮ್ಮೆಲ್ಲರ ಕೈಗೂ ಬಂತು. ಇಲ್ಲಿ ಒಂದು ಫಲಕವನ್ನಾದರೂ ನೋಡಬೇಕೆಂದು ಅತ್ತಿತ್ತ ಅಡ್ಡಾಡಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಬಂದರಿನ ಮಾರುಕಟ್ಟೆಯ ಡೇರೆಯಲ್ಲಿ ಸಾಲ್ಮನ್ ಮೀನಿನ ಸಾರು ಹಬೆಯಾಡುತ್ತಿತ್ತು. ಹಾಲು, ಆಲೂಗೆಡ್ಡೆ, ಸಬ್ಬಸಿಗೆ ಸೊಪ್ಪು. ಬಟ್ಟಲು ಹಿಡಿದ ಕೈಗೆ ಜೀವ ಬಂತು.

ಉತ್ತರದ ರೈಲು ಹತ್ತಿದ ಮೇಲೆ ಕಿಟಕಿಯಲ್ಲಿ ಒಂದು ವಿಶೇಷ ಕಂಡಿತು. ಬೆಳಕು ಓರೆಯಾಗಿ ಬಿದ್ದಾಗ ಗಾಜಿನ ಮೇಲೆ ಕೂದಲೆಳೆಯಂಥ ಗೆರೆಗಳು, ಅಡ್ಡ ಉದ್ದ ಚೌಕಳಿಯಾಗಿ. ಚಳಿನಾಡಿನ ಕಿಟಕಿಗಳಿಗೆ ಒಳಗಿನ ಬಿಸಿ ಹೊರಹೋಗದಂತೆ ಲೋಹದ ತೆಳು ಲೇಪ ಕೊಡುತ್ತಾರೆ. ಬಿಸಿಯನ್ನು ತಡೆಯುವ ಆ ಲೇಪ ರೇಡಿಯೊ ಅಲೆಯನ್ನೂ ತಡೆಯುತ್ತದೆ. ಹೊರಗೆ ಎಷ್ಟೇ ಟವರ್ ಇದ್ದರೂ ಬೋಗಿಯೊಳಗೆ ಮಾತು ಕಡಿದುಹೋಗುತ್ತಿತ್ತು. ಅದಕ್ಕೇ ಲೇಸರಿನಿಂದ ಲೇಪವನ್ನು ಸಣ್ಣಗೆ ಗೀರುತ್ತಾರೆ. ಬಿಸಿ ಒಳಗೇ ಉಳಿಯುತ್ತದೆ, ಅಲೆ ನುಸುಳಿ ಬರುತ್ತದೆ. ಆ ಗೆರೆಗಳ ಮೇಲೆ ಬೆರಳಾಡಿಸಿದೆ. ಬೆರಳಿಗೆ ಏನೂ ತಾಗುವುದಿಲ್ಲ.

ತಂಪೆರೆಯಲ್ಲಿ ಇಳಿದವರಿಗೆ ಮೊದಲು ಕೇಳುವುದು ನೀರಿನ ಮೊರೆತ. ಊರ ನಟ್ಟನಡುವೆ ತಮ್ಮರ್‌ಕೋಸ್ಕಿ ಎಂಬ ರಭಸದ ಹೊಳೆ. ಮೇಲಿನ ಸರೋವರದಿಂದ ಕೆಳಗಿನ ಸರೋವರಕ್ಕೆ ಹದಿನೆಂಟು ಮೀಟರ್ ಇಳಿಯುವ ಅವಸರದಲ್ಲಿ ಅದು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಎರಡೂ ದಡದಲ್ಲಿ ಕೆಂಪು ಇಟ್ಟಿಗೆಯ ಗಿರಣಿಗಳು, ಎತ್ತರದ ಹೊಗೆಗೂಡುಗಳು. 1865ರಲ್ಲಿ ಫ್ರೆಡ್ರಿಕ್ ಇಡೆಸ್ಟಾಮ್ ಎಂಬ ಗಣಿ ಎಂಜಿನಿಯರ್ ಈ ನೀರಿನ ಬಲದಿಂದ ಮರ ಅರೆದು ಕಾಗದದ ತಿರುಳು ಮಾಡುವ ಗಿರಣಿ ಹಾಕಿದ. ಎರಡನೆಯ ಗಿರಣಿಯನ್ನು ಪಕ್ಕದ ಇನ್ನೊಂದು ಊರಿನ ಹೊಳೆದಂಡೆಯಲ್ಲಿ ಹಾಕಿದ. ಆ ಊರಿನ ಹೆಸರು ನೋಕಿಯಾ. ಮುಂದೆ ರಬ್ಬರ್ ಬೂಟಿನ ಕಾರ್ಖಾನೆ, ಕೇಬಲ್ ಕಾರ್ಖಾನೆ ಕೂಡಿಕೊಂಡು 1967ರಲ್ಲಿ ಒಂದೇ ಕಂಪನಿಯಾದವು. ಕಾಗದ, ಬೂಟು, ಕೇಬಲ್! ಅದರಿಂದ ನಮ್ಮೂರ ಸಂತೆಯಲ್ಲೂ ಮಾರಾಟವಾದ ಫೋನ್ ಹುಟ್ಟಿತು.

1991ರ ಕರೆಯನ್ನು ಎತ್ತಿಕೊಂಡ ಈ ಊರು 2018ರ ಜೂನ್‌ನಲ್ಲಿ ಮತ್ತೆ ಸುದ್ದಿಯಾಯಿತು. ಎಲಿಸಾ ಕಂಪನಿ ಇಲ್ಲಿ 5ಜಿ ಜಾಲ ತೆರೆದು, ಫಿನ್‌ಲೆಂಡಿನ ಸಚಿವೆ ಆನ್ನೆ ಬೆರ್ನೆರ್ ಅವರಿಂದ ಎಸ್ಟೋನಿಯಾದ ಸಚಿವೆ ಕದ್ರಿ ಸಿಮ್ಸನ್ ಅವರಿಗೆ ಕರೆ ಮಾಡಿಸಿತು. ಜನ ಕೊಳ್ಳಬಹುದಾದ 5ಜಿ ಫೋನ್ ಆಗಿನ್ನೂ ಅಂಗಡಿಗೆ ಬಂದಿರಲಿಲ್ಲ. ಆದ್ದರಿಂದ ನಿಜವಾದ ಮೊದಲಿಗರು ನಾವೇ ಎಂದು ದಕ್ಷಿಣ ಕೊರಿಯಾ ಹೇಳುತ್ತದೆ. 2019ರ ಏಪ್ರಿಲ್ 3ರ ರಾತ್ರಿ ಹನ್ನೊಂದಕ್ಕೆ, ಅಮೆರಿಕದ ಕಂಪನಿಯೊಂದು ಮುಂದಾಗುತ್ತಿದೆ ಎಂಬ ಸುದ್ದಿ ಕೇಳಿ, ಅಲ್ಲಿನ ಮೂರೂ ಕಂಪನಿಗಳು ಗಡಿಬಿಡಿಯಲ್ಲಿ ಜಾಲ ಚಾಲೂ ಮಾಡಿ, ಸ್ಕೇಟಿಂಗ್ ತಾರೆ ಕಿಮ್ ಯುನಾ ಅಂಥವರ ಕೈಗೆ ಫೋನ್ ಕೊಟ್ಟವು. ಕೆಲವೇ ಗಂಟೆಗಳ ಅಂತರದಲ್ಲಿ ಷಿಕಾಗೊ ಮತ್ತು ಮಿನ್ಯಾಪೊಲಿಸ್‌ನಲ್ಲಿ ಅಮೆರಿಕದ ಜಾಲವೂ ತೆರೆಯಿತು. ಮೊದಲು ಯಾರು ಎಂಬ ಈ ಜಗಳ ನನ್ನ ಮನಸ್ಸನ್ನು ಹಿಡಿಯುವುದಿಲ್ಲ. ಕೊನೆಗೆ ಯಾರಿಗೆ ತಲುಪಿತು ಎಂಬುದೇ ನನ್ನ ಕುತೂಹಲ. ಅದಕ್ಕೆ ಉತ್ತರದ ಕಡೆಗೇ ಹೋಗಬೇಕು.

ರೈಲು ಓಡುತ್ತದೆ, ಕಾಡು ಓಡುತ್ತದೆ. ಬರ್ಚ್ ಮರದ ಬಿಳಿ ಕಾಂಡ, ಪೈನ್ ಮರದ ಕಿತ್ತಳೆ ಕಾಂಡ, ಬಿಳಿ, ಕಿತ್ತಳೆ, ಮಧ್ಯೆ ಹಿಮ ಹೊದ್ದ ಬಯಲಿನಂಥ ಸರೋವರ. ಅರ್ಧ ಗಂಟೆಗೊಮ್ಮೆ ಒಂದು ಊರು. ಕರ್ನಾಟಕದ ಒಂದೂಮುಕ್ಕಾಲು ಪಟ್ಟು ವಿಸ್ತಾರದ ಈ ದೇಶದಲ್ಲಿ ಇರುವ ಜನ ಸುಮಾರು 56 ಲಕ್ಷ. 2010ರ ಜುಲೈ 1ರಂದು ಇಲ್ಲಿನ ಪ್ರತಿ ಮನೆಗೂ ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದ ಇಂಟರ್‌ನೆಟ್ ಕಾನೂನಿನ ಹಕ್ಕಾಯಿತು. ಅಂಥ ಹಕ್ಕು ಕೊಟ್ಟ ಮೊದಲ ದೇಶ ಇದು. ತಂತಿ ಎಳೆಯಲಾಗದ ಕಡೆ ಮೊಬೈಲ್ ಜಾಲವೇ ಆ ಹಕ್ಕನ್ನು ಹೊತ್ತು ಬರಬೇಕು. 2014ರಲ್ಲಿ ಎರಡು ಎದುರಾಳಿ ಕಂಪನಿಗಳು ಉತ್ತರ ಮತ್ತು ಪೂರ್ವದ ವಿರಳ ಜನವಸತಿಯ ಸೀಮೆಗೆ ಬೇರೆಬೇರೆ ಟವರ್ ಬೇಡ, ಇಬ್ಬರಿಗೂ ಒಂದೇ ಜಾಲ ಸಾಕು ಎಂದು ಕೂಡಿ ಕಟ್ಟಿದವು. ದೇಶದ ಅರ್ಧದಷ್ಟು ನೆಲಕ್ಕೆ ಆ ಒಂದೇ ಜಾಲ. ಕಾಡಿನ ಗುಣಕ್ಕೆ ತಕ್ಕ ತರಂಗವನ್ನೂ ಆರಿಸಿಕೊಳ್ಳುತ್ತಾರೆ. 700 ಮೆಗಾಹರ್ಟ್ಸ್‌ನ ಉದ್ದ ಅಲೆ ಮರಗಳ ನಡುವೆ ಬಹುದೂರ ಸಾಗುತ್ತದೆ. 3.5 ಗಿಗಾಹರ್ಟ್ಸ್‌ನದು ಹೆಚ್ಚು ಹೊರುತ್ತದೆ, ಆದರೆ ಬೇಗ ದಣಿಯುತ್ತದೆ. ಗಿಡ್ಡ ಅಲೆ ಪೇಟೆಗೆ, ಉದ್ದ ಅಲೆ ಕಾಡಿಗೆ.

ಔಲು. ಬೋತ್ನಿಯಾ ಕೊಲ್ಲಿಯ ತುದಿಯ ಊರು, ಒಂದು ಕಾಲಕ್ಕೆ ಪೈನ್ ಮರದ ಡಾಂಬರು ಮಾರಿ ಬದುಕಿದ್ದು. ಬೆಳಗಿನ ಸೂರ್ಯ ಹಿಮದ ಮೇಲೆ ಬಿದ್ದು ಕಣ್ಣು ಬಿಡಲಾಗುತ್ತಿಲ್ಲ, ಆ ಬಿಳುಪಿನೊಳಗಿಂದ ಸೈಕಲ್ಲುಗಳು ಸಾಲುಸಾಲಾಗಿ ಬರುತ್ತವೆ. ಅಜ್ಜಿಯರೂ ಸೈಕಲ್ಲಿನಲ್ಲೇ. ಇಲ್ಲಿನ ವಿಶ್ವವಿದ್ಯಾಲಯದ ಯಾರ್ಕೊ ಓಯ್ಕರಿನೆನ್ 1988ರಲ್ಲಿ ಐಆರ್‌ಸಿ ಎಂಬ ಚಾಟ್ ವ್ಯವಸ್ಥೆಯನ್ನು ಬರೆದ. ನೋಕಿಯಾ ಕಂಪನಿ ಬೇಸ್ ಸ್ಟೇಷನ್‌ಗಳನ್ನು ತಯಾರಿಸುವ ಊರೂ ಇದೇ. 2018ರಿಂದ ಅದೇ ವಿಶ್ವವಿದ್ಯಾಲಯದಲ್ಲಿ 6ಜಿಯ ಸಂಶೋಧನೆ ನಡೆದಿದೆ. ಮಾರುಕಟ್ಟೆ ಮನೆಯ ಕಾಫಿ ಮೇಜಿನಲ್ಲಿ ಪರಿಚಯವಾದ ನಿವೃತ್ತ ಶಿಕ್ಷಕಿಯೊಬ್ಬರು, “ನಾಳೆ ನನ್ನ ಜೊತೆ ಹೈಲುವೊಟೊಗೆ ಬನ್ನಿ, ನಮ್ಮ ದ್ವೀಪ ನೋಡದೆ ಹೋಗಬೇಡಿ,” ಎಂದರು.

ಕಾರು ದೋಣಿಕಟ್ಟೆಯಲ್ಲಿ ಸಾಲಿಗೆ ನಿಂತಿದೆ. ಎದುರಿಗಿರುವುದು ಕಡಲು ಎಂದು ನಂಬಲು ಆಗುವುದಿಲ್ಲ, ದಿಗಂತದವರೆಗೂ ಬಿಳಿ ನೆಲ. ಅದರ ನಡುವೆ ಫೆರ್ರಿ ಕೊರೆದುಕೊಂಡ ಕಪ್ಪು ನೀರಿನ ಒಂದು ಓಣಿ. ಚಳಿ ಗಟ್ಟಿಯಾದ ವರ್ಷಗಳಲ್ಲಿ ಮಂಜುಗಡ್ಡೆಯ ಮೇಲೇ ರಸ್ತೆ ಗುರುತು ಮಾಡಿ ಕಾರು ಬಿಡುತ್ತಾರಂತೆ. ಫೆರ್ರಿಗೆ ಟಿಕೆಟ್ ಇಲ್ಲ, ರಸ್ತೆಯ ಹಾಗೆ ಅದೂ ಸರಕಾರದ್ದು. ಎಂಜಿನ್ ಗುಡುಗಿತು, ಮಂಜುಗಡ್ಡೆಯ ಹಲಗೆಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಧಡಧಡ ಸದ್ದು ಮಾಡಿದವು. ಪಕ್ಕದಲ್ಲಿ ಹೊಸ ಸೇತುವೆ ಕಾಣುತ್ತದೆ. ಅದು ತೆರೆದ ಮೇಲೆ ಫೆರ್ರಿ ನಿಲ್ಲುತ್ತದೆ ಎಂದು ಶಿಕ್ಷಕಿ ಹೇಳುವಾಗ ನನಗೆ ತುಮರಿಯ ಲಾಂಚು ನೆನಪಾಯಿತು. ಶರಾವತಿ ಹಿನ್ನೀರು ದಾಟಲು ಕರೂರು ಹೋಬಳಿಯ ಜನ ದಶಕಗಳ ಕಾಲ ಕಾದು ನಿಂತದ್ದು, 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದದ್ದು, ಎಲ್ಲವನ್ನೂ ಆಕೆಗೆ ಹೇಳುತ್ತ ಹೋದೆ. ಫೋನ್ ತೆಗೆದು ನೋಡಿದರೆ ಕಡಲ ನಡುವೆಯೂ ಕಡ್ಡಿಗಳು ತುಂಬಿವೆ.

ಹೈಲುವೊಟೊ ಮೊದಲು ದ್ವೀಪವೇ ಆಗಿರಲಿಲ್ಲ, ಕಡಲ ತಳವಾಗಿತ್ತು. ಹಿಮಯುಗದ ಮಂಜಿನ ಭಾರ ಇಳಿದ ಮೇಲೆ ಇಲ್ಲಿನ ನೆಲ ಇನ್ನೂ ಮೇಲೇಳುತ್ತಿದೆ, ವರ್ಷಕ್ಕೆ ಸುಮಾರು 8 ಮಿಲಿಮೀಟರ್. ಆಕೆಯ ಅಜ್ಜ ದೋಣಿ ಕಟ್ಟುತ್ತಿದ್ದ ಜಾಗದಲ್ಲಿ ಈಗ ಹುಲ್ಲು ಬೆಳೆಯುತ್ತದಂತೆ! ಪೈನ್ ಕಾಡಿನ ನಡುವಿನ ನೇರ ದಾರಿಯಲ್ಲಿ ಅರ್ಧ ಗಂಟೆ ಸಾಗಿದರೆ ಮರ್ಯಾನಿಯೆಮಿ, ದ್ವೀಪದ ಪಡುವಣ ತುದಿ. 1871ರ ಬಿಳಿ ದೀಪಸ್ತಂಭ, ಸುತ್ತ ಬೆಸ್ತರ ಕೆಂಪು ಗುಡಿಸಲುಗಳು. ದಡದಿಂದಾಚೆ ಹೆಪ್ಪುಗಟ್ಟಿದ ಕಡಲ ಮೇಲೆ ಒಬ್ಬ ಮುದುಕ ಮುಕ್ಕಾಲಿಯಲ್ಲಿ ಕೂತು, ಮಂಜುಗಡ್ಡೆಯಲ್ಲಿ ಕೊರೆದ ರಂಧ್ರಕ್ಕೆ ಗಾಳ ಬಿಟ್ಟಿದ್ದಾನೆ. ಪಕ್ಕದಲ್ಲಿ ಹಸಿರು ಪಟ್ಟೆಯ ನಾಲ್ಕು ಪರ್ಚ್ ಮೀನು, ಮಡಿಲಲ್ಲಿ ಫೋನ್. ಫೋನಿನಲ್ಲಿ ಐಸ್ ಹಾಕಿ ಪಂದ್ಯ ಓಡುತ್ತಿದೆ.

ಗುಡಿಸಲೊಂದರ ಬಿಸಿಲು ಬಿದ್ದ ಕಟ್ಟೆಯ ಮೇಲೆ ಕೂತು ಶಿಕ್ಷಕಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು. “ನಿಮ್ಮ ಕಡೆ ಹಿಮ ಇಲ್ಲ, ಕಡಲು ಹೆಪ್ಪುಗಟ್ಟುವುದಿಲ್ಲ. ಮತ್ತೆ ಟವರ್‌ಗೆ ಏನು ತೊಂದರೆ?” ಮಳೆಯ ಬಗ್ಗೆ ಹೇಳಿದೆ. ಕರೆಂಟ್ ಹೋದರೆ ಟವರ್ ಕೂಡ ಸಾಯುವುದನ್ನು, ಅರಣ್ಯ ಇಲಾಖೆಯ ಅನುಮತಿಯನ್ನು, ಒಂದೊಂದು ಕಣಿವೆಗೆ ನಾಲ್ಕೈದೇ ಮನೆ ಇರುವುದನ್ನು ಹೇಳಿದೆ. ಎಲ್ಲೂ ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 2022ರಲ್ಲಿ ಕೇಂದ್ರ ಸರಕಾರ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟದ್ದನ್ನೂ ಹೇಳಿದೆ. “ನಾಲ್ಕೈದು ಮನೆ ಅಂದರೆ ನಮಗೆ ದೊಡ್ಡ ಊರೇ,” ಎಂದರು ಆಕೆ. “ನಕ್ಷೆ ತೋರಿಸಿ.”

ಶರಾವತಿ ಹಿನ್ನೀರಿನ ನಕ್ಷೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಆಕೆ ಕೈಗವಸು ಕಳಚಿ, ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದರು. ನೀಲಿ ನೀರು, ನೀರಿನ ತುಂಬ ಹಸಿರು ತುಣುಕುಗಳು.

“ಇಷ್ಟೊಂದು ದ್ವೀಪ ನಿಮಗೂ ಇದೆಯಾ! ಇದರಲ್ಲಿ ಜನ ಎಲ್ಲಿದ್ದಾರೆ? ಒಂದೊಂದೇ ಮನೆ ತೋರಿಸಿ.”

ತೋರಿಸತೊಡಗಿದೆ.